ಬೂಟ್‌ಲೋಡರ್ ಇಮೇಜಿನಲ್ಲಿ ಆಫ್‌ಸೆಟ್ಟಿನ ಗಣನೆ

ಠಾಣೆಯ ರೈಲು ನಿಲ್ದಾಣವು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಸುಮಾರು 34 ಕಿಲೋಮೀಟರು ದೂರದಲ್ಲಿದೆ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಹೊರಟ ಈ ದೇಶದ ಮೊದಲ ಪ್ರಯಾಣಿಕರ ರೈಲು ಕ್ರಮಿಸಿದುದು ಹೆಚ್ಚುಕಡಮೆ ಇಷ್ಟೇ ದೂರವನ್ನು. ಅದೇ ಠಾಣೆಯನ್ನು ಕಲ್ಯಾಣದ ಕಡೆಯಿಂದ ಎಣಿಸಿದರೆ ದೂರವು ಸುಮಾರು 20 ಕಿಲೋಮೀಟರು ಮಾತ್ರ. ನಿಲ್ದಾಣವು ತನ್ನ ಸ್ಥಳದಿಂದ ಕದಲಲಿಲ್ಲ. ಎಣಿಕೆಯ ಮೊದಲು ಬದಲಾಯಿತು. ದೂರವನ್ನು ಹೇಳುವವನು ಎಲ್ಲಿಂದ ಎಂಬುದನ್ನೂ, ಮೈಲಿಯಲ್ಲೋ ಕಿಲೋಮೀಟರಿನಲ್ಲೋ ಎಂಬುದನ್ನೂ ಹೇಳದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ದಿನವೂ ಈ ಹಳಿಗಳ ಮೇಲೆ ಓಡಾಡುವ ಠಾಣೆ, ಡೊಂಬಿವಿಲಿ, ಕಲ್ಯಾಣಗಳ ಕನ್ನಡಿಗರಿಗೆ ಇದು ಅನುಭವದಿಂದಲೇ ವೇದ್ಯವಾದ ಸಂಗತಿ.

ಕಂಪ್ಯೂಟರಿನ ಸಂಗ್ರಹದಲ್ಲಿಯೂ ಇಂಥದೇ ಒಂದು ದೂರದ ಎಣಿಕೆಯಿದೆ. ಅದಕ್ಕೆ ಆಫ್‌ಸೆಟ್ ಎಂದು ಹೆಸರು. ಒಂದು ಮೂಲಬಿಂದುವಿನಿಂದ ಎಷ್ಟು ದೂರದಲ್ಲಿ ಒಂದು ವಸ್ತುವನ್ನು ಇಟ್ಟಿದೆ ಎಂಬುದೇ ಅದರ ಅರ್ಥ. ಸಾಮಾನ್ಯ ಬಳಕೆದಾರನಿಗೆ ಇದರ ಗೊಡವೆಯಿಲ್ಲ. ಅವನು ಕಡತವನ್ನು ಹೆಸರಿನಿಂದ ಕರೆಯುತ್ತಾನೆ. ಆದರೆ ಯಂತ್ರಗಳಲ್ಲಿಯೂ ವಿದ್ಯುತ್ ಮೀಟರುಗಳಲ್ಲಿಯೂ ಆಸ್ಪತ್ರೆಯ ಉಪಕರಣಗಳಲ್ಲಿಯೂ ಹುದುಗಿ ಕೆಲಸ ಮಾಡುವ ಚಿಕ್ಕ ಕಂಪ್ಯೂಟರುಗಳಲ್ಲಿ, ಅಂದರೆ ಎಂಬೆಡೆಡ್ ಬೋರ್ಡುಗಳಲ್ಲಿ, ಈ ಸಂಖ್ಯೆಯು ಜೀವನ್ಮರಣದ ಪ್ರಶ್ನೆಯಾಗುತ್ತದೆ. ಒಂದು ಸಂಖ್ಯೆ ತಪ್ಪಿದರೆ ಬೋರ್ಡು ಮೂಕವಾಗುವುದು. ವರ್ತಕ ನಗರದ ನೆರೆಯ ವಾಗಳೆ ಎಸ್ಟೇಟಿನಲ್ಲಾಗಲಿ, ಠಾಣೆ–ಬೇಲಾಪುರ ರಸ್ತೆಯ ಕೈಗಾರಿಕಾ ವಲಯದಲ್ಲಾಗಲಿ ಇಂಥ ಬೋರ್ಡನ್ನು ಕೈಗೆತ್ತಿಕೊಳ್ಳುವ ತಂತ್ರಜ್ಞನು ಅದು ನಿಜವಾಗಿಯೂ ಕೆಟ್ಟಿದೆಯೋ, ಅಥವಾ ಅದರೊಳಗಿನ ಲೆಕ್ಕ ಮಾತ್ರ ತಪ್ಪಿದೆಯೋ ಎಂಬುದನ್ನು ನಿರ್ಣಯಿಸಬೇಕಾಗುತ್ತದೆ. ಆ ನಿರ್ಣಯಕ್ಕೆ ಆಧಾರವಾದ ತತ್ತ್ವಗಳನ್ನು ವಿಶದಪಡಿಸುವುದು ಈ ಲೇಖನದ ಉದ್ದೇಶ.

ಎಚ್ಚರಗೊಳ್ಳುವ ಕ್ರಮ

ಬೋರ್ಡಿಗೆ ವಿದ್ಯುತ್ತನ್ನು ಕೊಟ್ಟ ಕ್ಷಣದಲ್ಲಿ ಪ್ರಾಸೆಸರಿಗೆ ಏನೂ ತಿಳಿಯದು. ಹೊರಗಿನ ದೊಡ್ಡ ಸ್ಮೃತಿಯನ್ನು, ಅಂದರೆ ಡಿರ್‍ಯಾಮನ್ನು, ಅದು ಇನ್ನೂ ಸಜ್ಜುಗೊಳಿಸಿಲ್ಲ. ಕಡತಗಳ ವ್ಯವಸ್ಥೆ ಎಂಬುದೊಂದು ಉಂಟೆಂಬುದೂ ಅನೇಕ ವೇಳೆ ಅದಕ್ಕೆ ಗೊತ್ತಿಲ್ಲ. ಚಿಪ್ಪನ್ನು ತಯಾರಿಸುವಾಗಲೇ ಅದರೊಳಗೆ ಅಳಿಸಲಾಗದಂತೆ ಕೆತ್ತಿಟ್ಟ ಒಂದು ಪುಟ್ಟ ಪ್ರೋಗ್ರಾಂ ಮಾತ್ರ ಆಗ ಎಚ್ಚರವಾಗಿರುತ್ತದೆ. ಇದಕ್ಕೆ ಬೂಟ್ ರಾಮ್ ಎನ್ನುವರು. ಇದು ಮೆಮೊರಿ ಕಾರ್ಡಿನಲ್ಲಿಯೋ ಫ್ಲ್ಯಾಶಿನಲ್ಲಿಯೋ ಒಂದು ನಿಯತ ಸ್ಥಳಕ್ಕೆ ಹೋಗಿ, ಅಲ್ಲಿರುವ ಚಿಕ್ಕ ಪ್ರೋಗ್ರಾಮೊಂದನ್ನು ಚಿಪ್ಪಿನೊಳಗಿನ ಅಲ್ಪ ಸ್ಮೃತಿಗೆ ತಂದು ಅದಕ್ಕೆ ಅಧಿಕಾರವನ್ನು ಒಪ್ಪಿಸುತ್ತದೆ. ಎರಡನೆಯದಾದ ಈ ಪ್ರೋಗ್ರಾಂ ಡಿರ್‍ಯಾಮನ್ನು ಸಜ್ಜುಗೊಳಿಸಿ, ಮತ್ತೊಂದು ನಿಯತ ಸ್ಥಳದಿಂದ ಮೂರನೆಯದಾದ ದೊಡ್ಡ ಬೂಟ್‌ಲೋಡರನ್ನು ತರುತ್ತದೆ. ಅದು ಲೀನಕ್ಸಿನಂಥ ಕಾರ್ಯವ್ಯವಸ್ಥೆಯನ್ನು ಹುಡುಕಿ ಎಬ್ಬಿಸುತ್ತದೆ. ಒಬ್ಬನನ್ನು ಇನ್ನೊಬ್ಬನು ಎಬ್ಬಿಸುವ ಈ ಸರಪಳಿಯಲ್ಲಿ ಮೊದಲ ಎರಡು ಹೆಜ್ಜೆಗಳು ಬಹುಮಟ್ಟಿಗೆ ಹೆಸರಿನಿಂದ ನಡೆಯುವುದಿಲ್ಲ, ದೂರದ ಎಣಿಕೆಯಿಂದ ನಡೆಯುತ್ತವೆ. ಓದು ಬಾರದಿದ್ದರೂ ಮನೆಗಳನ್ನು ಎಣಿಸಬಲ್ಲ ಟಪಾಲಿನವನಿಗೆ ಇದನ್ನು ಹೋಲಿಸಬಹುದು. ಬೀದಿಯ ಮೊದಲಿನಿಂದ ಇಷ್ಟನೆಯ ಮನೆಗೆ ಹೋಗೆಂದರೆ ಅವನು ತಪ್ಪದೆ ಹೋಗುತ್ತಾನೆ. ಆ ಮನೆಯಲ್ಲಿ ಬೇರೆಯವರು ಬಂದು ನೆಲೆಸಿದ್ದರೆ ಕಾಗದವನ್ನು ಅವರ ಕೈಗೇ ಕೊಡುತ್ತಾನೆ.

ಕನ್ನಡ ನಾಡಿಗೆ ಈ ವಿಷಯದೊಡನೆ ಹಳೆಯ ನಂಟುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ 2001ರಲ್ಲಿ ಹೊರತಂದ ಸಿಂಪ್ಯೂಟರ್ ಎಂಬ ಕೈಗಂಪ್ಯೂಟರನ್ನು ಅನೇಕರು ಬಲ್ಲರು. ಓದು ಬಾರದವರಿಗೂ ಉಪಯೋಗವಾಗಲೆಂದು ಹವಣಿಸಿದ ಆ ಯಂತ್ರಕ್ಕಾಗಿಯೇ ಕನ್ನಡವನ್ನೂ ಹಿಂದಿಯನ್ನೂ ಗಟ್ಟಿಯಾಗಿ ಓದುವ ‘ಧ್ವನಿ’ ಎಂಬ ತಂತ್ರಾಂಶ ಮೊದಲು ರೂಪುಗೊಂಡಿತು. ಅದರ ಹೃದಯದಲ್ಲಿದ್ದುದು ಸ್ಟ್ರಾಂಗ್‌ಆರ್ಮ್ ಪ್ರಾಸೆಸರು. ಮೇಲೆ ನಡೆಯುತ್ತಿದ್ದುದು ಲೀನಕ್ಸು. ಆ ವರ್ಗದ ಪ್ರಾಸೆಸರು ಎಚ್ಚರವಾದೊಡನೆ ಮೊದಲ ಆಜ್ಞೆಯನ್ನು ಸೊನ್ನೆಯ ವಿಳಾಸದಲ್ಲಿ ಹುಡುಕುತ್ತದೆ. ಆದಕಾರಣ ಬೂಟ್‌ಲೋಡರು ಫ್ಲ್ಯಾಶಿನ ಆರಂಭದಲ್ಲಿಯೇ ಇರತಕ್ಕದ್ದು. ಬೇರೆಲ್ಲ ಅದರ ಹಿಂದೆ ಸಾಲಾಗಿ ನಿಲ್ಲತಕ್ಕದ್ದು. ಕನ್ನಡದಲ್ಲಿ ಮಾತಾಡಬಲ್ಲ ಯಂತ್ರವೂ ತನ್ನ ಮೊದಲ ಆಜ್ಞೆ ನಿಯತ ಸ್ಥಳದಲ್ಲಿ ಸಿಕ್ಕದಿದ್ದರೆ ಮಾತಿಲ್ಲದೆ ಬಿದ್ದಿರುತ್ತಿತ್ತು.

ಅನಂತರ ಬಂದ ಚಿಪ್ಪುಗಳು ಕಾರ್ಡಿನಿಂದಲೂ ಏಳುವ ಶಕ್ತಿಯನ್ನು ಪಡೆದುವು. ಆದರೆ ಕಾರ್ಡಿನ ಆರಂಭವು ಬೇರೊಬ್ಬನ ವಾಸಸ್ಥಾನವಾಗಿದ್ದುದರಿಂದ ಸೊನ್ನೆಯ ಸರಳತೆ ಅಲ್ಲಿಗೆ ಮುಗಿಯಿತು. ಪ್ರತಿಯೊಬ್ಬ ತಯಾರಕನೂ ತನಗೆ ತೋರಿದ ದೂರವನ್ನು ಆರಿಸಿಕೊಂಡನು.

ಮೂಲಮಾನದ ಪ್ರಶ್ನೆ

ಆಫ್‌ಸೆಟ್ಟಿನ ಲೆಕ್ಕದಲ್ಲಿ ಎಡವುವವರಲ್ಲಿ ಬಹುಮಂದಿ ಎಡವುವುದು ಮಾನದ ವಿಷಯದಲ್ಲಿ. ಮೆಮೊರಿ ಕಾರ್ಡನ್ನು 512 ಬೈಟುಗಳ ಸಮನಾದ ತುಂಡುಗಳಾಗಿ ಎಣಿಸುವುದು ವಾಡಿಕೆ. ಈ ತುಂಡಿಗೆ ಸೆಕ್ಟರು ಎಂದು ಹೆಸರು. ಎರಡು ಸೆಕ್ಟರು ಸೇರಿದರೆ 1024 ಬೈಟು, ಅಂದರೆ ಒಂದು ಕಿಲೋಬೈಟು. ಒಂದು ಕೈಪಿಡಿಯಲ್ಲಿ ಸ್ಥಾನವನ್ನು ಸೆಕ್ಟರುಗಳಲ್ಲಿ ಹೇಳಿರುತ್ತದೆ, ಇನ್ನೊಂದರಲ್ಲಿ ಬೈಟುಗಳಲ್ಲಿ, ಮತ್ತೊಂದರಲ್ಲಿ ಕಿಲೋಬೈಟುಗಳಲ್ಲಿ. ಇದು ಸಾಲದೆಂಬಂತೆ ಸಂಖ್ಯೆಯನ್ನು ಹಲವೆಡೆ ಹದಿನಾರರ ಮಾನದಲ್ಲಿ ಬರೆಯುವರು. ಆ ಮಾನದಲ್ಲಿ 300 ಎಂದರೆ ಮೂರು ನೂರಲ್ಲ. ಮೂರು ಸಲ 256, ಅಂದರೆ 768.

ಕಾರ್ಡಿಗೆ ಬರೆಯಲು ಲೀನಕ್ಸಿನಲ್ಲಿ ಬಳಸುವ ‘ಡಿಡಿ’ ಎಂಬ ಆಜ್ಞೆಯಲ್ಲಿಯೂ ಇದೇ ಸೂಕ್ಷ್ಮವಿದೆ. ಅದಕ್ಕೆ ಮೊದಲು ತುಂಡಿನ ಗಾತ್ರವನ್ನು ಹೇಳಿ, ಆಮೇಲೆ ಎಷ್ಟು ತುಂಡುಗಳನ್ನು ದಾಟಿ ಬರೆಯಬೇಕೆಂಬುದನ್ನು ‘ಸೀಕ್’ ಎಂಬ ಅಂಕೆಯಿಂದ ಸೂಚಿಸಬೇಕು. ತುಂಡಿನ ಗಾತ್ರ 128 ಕಿಲೋಬೈಟು, ಸೀಕ್ 1 ಎಂದರೆ ಬರವಣಿಗೆ 128ನೆಯ ಕಿಲೋಬೈಟಿನಿಂದ ಮೊದಲಾಗುತ್ತದೆ. ಗಾತ್ರವನ್ನು ಹೇಳಲು ಮರೆತರೆ ಆ ಆಜ್ಞೆಯು ತುಂಡನ್ನು 512 ಬೈಟೆಂದೇ ಭಾವಿಸುವುದರಿಂದ, ಅದೇ ಸೀಕ್ 1 ಎಂಬುದು ಬರವಣಿಗೆಯನ್ನು ಕಾರ್ಡಿನ ಎರಡನೆಯ ಸೆಕ್ಟರಿಗೆ ಕೊಂಡೊಯ್ಯುತ್ತದೆ. ಆಜ್ಞೆ ಎರಡು ಸಲವೂ ದೂರಿಲ್ಲದೆ ಮುಗಿಯುತ್ತದೆ. ಯಂತ್ರವು ಹೇಳಿದುದನ್ನು ಮಾಡಿತು, ಹೇಳಿದುದೇ ತಪ್ಪಾಗಿತ್ತು.

ಒಂದು ಬೋರ್ಡಿನ ನಿದರ್ಶನ

ತತ್ತ್ವವನ್ನು ನಿದರ್ಶನದಿಂದ ಸ್ಪಷ್ಟಪಡಿಸಬಹುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸಕೇಂದ್ರವನ್ನು ತೆರೆದುದು ಕರ್ನಾಟಕದ ಆಧುನಿಕ ಚರಿತ್ರೆಯಲ್ಲಿ ಗಣ್ಯವಾದ ಘಟನೆ. ಆ ಸಂಸ್ಥೆಯ ಎಎಂ335ಎಕ್ಸ್ ಎಂಬ ಚಿಪ್ಪುಗಳ ಕುಟುಂಬಕ್ಕೆ ಸೇರಿದ ಪ್ರಾಸೆಸರಿನ ಮೇಲೆ ನಿಂತ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡು 2013ರಲ್ಲಿ ಹೊರಬಂದು ವಿದ್ಯಾಲಯಗಳಲ್ಲಿಯೂ ಕೈಗಾರಿಕೆಗಳಲ್ಲಿಯೂ ಪ್ರಚಾರಕ್ಕೆ ಬಂದಿತು. ಇದರ ಬೂಟ್‌ಲೋಡರು ಯು-ಬೂಟ್. ಜರ್ಮನಿಯ ವುಲ್ಫ್‌ಗಾಂಗ್ ಡೆಂಕ್ ಅವರು ಪಿಪಿಸಿಬೂಟ್ ಎಂಬ ಹೆಸರಿನಿಂದ ಬೆಳೆಸಿ, 2002ರಲ್ಲಿ ಯು-ಬೂಟ್ ಎಂದು ಮರುನಾಮಕರಣ ಮಾಡಿದ ಈ ಮುಕ್ತ ತಂತ್ರಾಂಶವು ಎಂಬೆಡೆಡ್ ಬೋರ್ಡುಗಳ ಲೋಕದಲ್ಲಿ ಸರ್ವಸಾಮಾನ್ಯವಾಗಿದೆ. ಡೆಂಕ್ ಅವರು 2022ರಲ್ಲಿ ತೀರಿಕೊಂಡರು. ಅವರು ಕಟ್ಟಿದುದು ನಡೆದುಕೊಂಡು ಬಂದಿದೆ.

ಈ ಚಿಪ್ಪಿನ ಬೂಟ್ ರಾಮ್ ಕಾರ್ಡಿನಲ್ಲಿ ನಾಲ್ಕು ಸ್ಥಳಗಳನ್ನು ಕ್ರಮವಾಗಿ ನೋಡುತ್ತದೆ: ಸೊನ್ನೆ, 128 ಕಿಲೋಬೈಟು, 256 ಕಿಲೋಬೈಟು, 384 ಕಿಲೋಬೈಟು. ಮೊದಲ ಸ್ಥಳವು ಪಾರ್ಟಿಷನ್ ಪಟ್ಟಿಗೆ ಬೇಕಾಗುವುದರಿಂದ ಎರಡನೆಯ ಹೆಜ್ಜೆಯ ಚಿಕ್ಕ ಪ್ರೋಗ್ರಾಮನ್ನು 128 ಕಿಲೋಬೈಟಿನಲ್ಲಿ ಇಡುವುದು ರೂಢಿ. ಯು-ಬೂಟಿನ ಪರಿಭಾಷೆಯಲ್ಲಿ ಇದು ಎಸ್‌ಪಿಎಲ್. ಈ ಚಿಪ್ಪಿಗಾಗಿ ಸಿದ್ಧಪಡಿಸಿದ ಕಡತಕ್ಕೆ ಎಂಎಲ್‌ಒ ಎಂದು ಹೆಸರು. ಚಿಪ್ಪಿನೊಳಗಿನ ಸ್ಮೃತಿ ಅಲ್ಪವಾದುದರಿಂದ ಇದರ ಗಾತ್ರ ಸುಮಾರು 109 ಕಿಲೋಬೈಟನ್ನು ಮೀರಕೂಡದು. ಪೂರ್ಣ ಯು-ಬೂಟನ್ನು 384 ಕಿಲೋಬೈಟಿನಲ್ಲಿ ಇಡುವರು. ಈ ಎರಡನೆಯ ಸ್ಥಾನವನ್ನು ಗೊತ್ತುಮಾಡುವುದು ಬೂಟ್ ರಾಮ್ ಅಲ್ಲ, ಎಸ್‌ಪಿಎಲ್ಲನ್ನು ಕಟ್ಟುವಾಗ ಅದರ ಸಂಯೋಜನೆಯಲ್ಲಿ ಬರೆದ ಒಂದು ಸಂಖ್ಯೆ. ಅಲ್ಲಿ ಬರೆದಿರುವುದು ಹದಿನಾರರ ಮಾನದ 300, ಅದೂ ಸೆಕ್ಟರುಗಳಲ್ಲಿ. 768ನ್ನು 512ರಿಂದ ಗುಣಿಸಿದರೆ 3,93,216 ಬೈಟು. ಅದನ್ನು 1024ರಿಂದ ಭಾಗಿಸಿದರೆ 384. ಲೆಕ್ಕ ಸರಿಹೊಂದಿತು. ಲೀನಕ್ಸಿನ ಪಾರ್ಟಿಷನ್ನನ್ನು 4 ಮೆಗಾಬೈಟಿನಿಂದ ಮೊದಲು ಮಾಡಿದರೆ ಯು-ಬೂಟಿಗೆ ಸಾಕಷ್ಟು ಅವಕಾಶ ಉಳಿಯುತ್ತದೆ.

ಈಗ ಎರಡು ತಪ್ಪುಗಳನ್ನು ಊಹಿಸಿ ಅವುಗಳ ಫಲವನ್ನು ನೋಡತಕ್ಕದ್ದು. ಒಬ್ಬನು ಹದಿನಾರರ ಮಾನದ 300ನ್ನು ಸಾಮಾನ್ಯ ಮುನ್ನೂರೆಂದು ಓದಿ, ಯು-ಬೂಟನ್ನು 300ನೆಯ ಸೆಕ್ಟರಿನಿಂದ ಬರೆದನೆಂದಿಟ್ಟುಕೊಳ್ಳಬಹುದು. ಅದು 150ನೆಯ ಕಿಲೋಬೈಟು. ಎಂಎಲ್‌ಒ 128ರಿಂದ ಮೊದಲಾಗಿ ಸುಮಾರು 100 ಕಿಲೋಬೈಟುಗಳಷ್ಟು ಹಬ್ಬಿದ್ದರೆ ಅದರ ಮೊದಲ 22 ಕಿಲೋಬೈಟು ಮಾತ್ರ ಉಳಿದು, ಮಿಕ್ಕ ಭಾಗದ ಮೇಲೆ ಯು-ಬೂಟು ಕುಳಿತುಬಿಡುತ್ತದೆ. ಬೂಟ್ ರಾಮ್ ನೋಡುವುದು ತಲೆಯ ಗುರುತನ್ನು ಮಾತ್ರ, ತಲೆ ಸರಿಯಾಗಿದೆ. ಅದು ನಂಬಿ ಅಧಿಕಾರವನ್ನು ಒಪ್ಪಿಸುತ್ತದೆ. ಎಸ್‌ಪಿಎಲ್ ನಡುದಾರಿಯಲ್ಲಿ ದಿಕ್ಕುಗೆಟ್ಟು ನಿಲ್ಲುತ್ತದೆ. ಇನ್ನೊಬ್ಬನು 768ನ್ನು ಬೈಟುಗಳೆಂದು ತಿಳಿದು ಅಲ್ಲಿಂದ ಬರೆದನೆಂದಿಟ್ಟುಕೊಂಡರೆ, ನೂರಾರು ಕಿಲೋಬೈಟು ಉದ್ದದ ಯು-ಬೂಟು 128ನೆಯ ಕಿಲೋಬೈಟನ್ನು ದಾಟಿ ಹೋಗುವಾಗ ಎಂಎಲ್‌ಒದ ತಲೆಯನ್ನೇ ಅಳಿಸುತ್ತದೆ. ಆಗ ಬೂಟ್ ರಾಮ್ ಗುರುತನ್ನು ಕಾಣದೆ ಬೇರೆ ಬಾಗಿಲುಗಳಿಗೆ ಹೋಗಿ, ಕೊನೆಗೆ ಸೀರಿಯಲ್ ತಂತಿಯ ಮೇಲೆ ‘ಸಿ’ ಎಂಬ ರೋಮನ್ ಅಕ್ಷರವನ್ನು ಮತ್ತೆಮತ್ತೆ ಕಳುಹಿಸುತ್ತ, ಯಾರಾದರೂ ಪ್ರೋಗ್ರಾಮನ್ನು ಕಳುಹಿಸಿಯಾರೆಂದು ಕಾಯುತ್ತದೆ.

ಹೊರಗಿನಿಂದ ಎರಡು ಬೋರ್ಡುಗಳೂ ಒಂದೇ ರೀತಿ ಸತ್ತಂತೆ ತೋರುತ್ತವೆ. ಸೀರಿಯಲ್ ತಂತಿಯನ್ನು ಜೋಡಿಸಿ ಕೇಳಿದವನಿಗೆ ಮಾತ್ರ ಒಂದು ನಡುದಾರಿಯಲ್ಲಿ ನಿಂತಿದೆ, ಇನ್ನೊಂದು ಕೂಗಿ ಕರೆಯುತ್ತಿದೆ ಎಂಬ ಭೇದ ತಿಳಿಯುತ್ತದೆ. ರೋಗದ ಲಕ್ಷಣವೇ ತಪ್ಪು ಯಾವ ಸ್ಥಾನದಲ್ಲಿ ನಡೆಯಿತೆಂಬುದನ್ನು ಸೂಚಿಸುತ್ತದೆ.

ಪಾರ್ಟಿಷನ್ ಪಟ್ಟಿಯೊಡನೆ ಘರ್ಷಣೆ

ಕಾರ್ಡಿನ ಆರಂಭದಲ್ಲಿ ವಾಸಮಾಡುವವನು ಪಾರ್ಟಿಷನ್ ಪಟ್ಟಿ ಎಂದು ಮೇಲೆ ಹೇಳಿದೆ. ಇದರಲ್ಲಿ ಎರಡು ಪದ್ಧತಿಗಳಿವೆ. ಹಳೆಯದಾದ ಎಂಬಿಆರ್ ಮೊದಲ ಸೆಕ್ಟರಿನಲ್ಲಿಯೇ ಅಡಗುತ್ತದೆ: 446 ಬೈಟು ಪ್ರೋಗ್ರಾಮಿಗೆ, 64 ಬೈಟು ನಾಲ್ಕು ಪಾರ್ಟಿಷನ್ನುಗಳ ವಿವರಕ್ಕೆ, 2 ಬೈಟು ಮುದ್ರೆಗೆ. ಹೊಸದಾದ ಜಿಪಿಟಿ ಹೆಚ್ಚು ಜಾಗವನ್ನು ಬೇಡುತ್ತದೆ. ಅದರ ಶಿರೋಲೇಖವು ಸೆಕ್ಟರು 1ರಲ್ಲಿಯೂ, ತಲಾ 128 ಬೈಟುಗಳ 128 ನಮೂದುಗಳು ಸೆಕ್ಟರು 2ರಿಂದ 33ರ ವರೆಗೂ ವ್ಯಾಪಿಸುತ್ತವೆ. ಆದುದರಿಂದ ಸುಮಾರು 17ನೆಯ ಕಿಲೋಬೈಟಿನ ವರೆಗೆ ಸ್ಥಳವು ಮುಡಿಪಾಗಿದೆ.

ಆಲ್‌ವಿನ್ನರ್ ಎಂಬ ಚೀನೀ ಸಂಸ್ಥೆಯ ಚಿಪ್ಪುಗಳು ಅಗ್ಗದ ಬೋರ್ಡುಗಳಲ್ಲಿ ಹೇರಳವಾಗಿ ಬಳಕೆಯಾಗಿವೆ. ಅವುಗಳ ಬೂಟ್ ರಾಮ್ ಎಸ್‌ಪಿಎಲ್ಲನ್ನು 8ನೆಯ ಕಿಲೋಬೈಟಿನಲ್ಲಿ, ಅಂದರೆ ಸೆಕ್ಟರು 16ರಲ್ಲಿ, ಹುಡುಕುತ್ತದೆ. ಎಂಬಿಆರ್ ಇದ್ದರೆ ತೊಂದರೆಯಿಲ್ಲ. ಜಿಪಿಟಿ ಇದ್ದರೆ ಈ ಸ್ಥಾನವು ಪಟ್ಟಿಯ ಹೊಟ್ಟೆಯೊಳಗೆ ಬೀಳುತ್ತದೆ. ಎಸ್‌ಪಿಎಲ್ಲನ್ನು ಬರೆದರೆ ಪಟ್ಟಿ ಕೆಡುತ್ತದೆ. ಪಟ್ಟಿಯನ್ನು ದುರಸ್ತಿ ಮಾಡುವ ಸಾಧನವನ್ನು ಓಡಿಸಿದರೆ ಎಸ್‌ಪಿಎಲ್ ಕೆಡುತ್ತದೆ. ಎರಡು ಪಂಗಡಗಳು ಒಂದೇ ಜಮೀನಿನ ಮೇಲೆ ಹಕ್ಕು ಸಾಧಿಸಿದಂತಾಗುತ್ತದೆ. ಎರಡರ ಕಾಗದಪತ್ರಗಳೂ ಸರಿಯೇ.

ಇದಕ್ಕೆ ಎರಡು ಪರಿಹಾರಗಳುಂಟು. ಮೊದಲನೆಯದು, ಪಟ್ಟಿಯ ನಮೂದುಗಳನ್ನು 128ರಿಂದ 56ಕ್ಕೆ ಇಳಿಸುವುದು. 56ನ್ನು 128ರಿಂದ ಗುಣಿಸಿದರೆ 7168 ಬೈಟು, ಅಂದರೆ 14 ಸೆಕ್ಟರು. ಸೆಕ್ಟರು 2ರಿಂದ 15ರ ವರೆಗೆ ಮುಗಿದು, 16ನೆಯದು ಬಿಡುವಾಗುತ್ತದೆ. ಎರಡನೆಯದು, ಈ ವಂಶದ ಹೊಸ ಚಿಪ್ಪುಗಳು 128 ಕಿಲೋಬೈಟನ್ನೂ ನೋಡುವುದರಿಂದ ಎಸ್‌ಪಿಎಲ್ಲನ್ನು ಅಲ್ಲಿಗೆ ಸಾಗಿಸುವುದು. ಎನ್‌ಎಕ್ಸ್‌ಪಿ ಸಂಸ್ಥೆಯ ಐ.ಎಂಎಕ್ಸ್6 ಚಿಪ್ಪು ಬೂಟ್‌ಲೋಡರನ್ನು 1ನೆಯ ಕಿಲೋಬೈಟಿನಲ್ಲಿಯೇ ಬಯಸುವುದರಿಂದ ಅಲ್ಲಿ ಎಂಬಿಆರ್ ಪದ್ಧತಿಯೇ ಅನುಕೂಲ. ರಾಕ್‌ಚಿಪ್ ಸಂಸ್ಥೆಯವರು ಈ ಬಿಕ್ಕಟ್ಟಿನಿಂದ ದೂರ ಸರಿದಿದ್ದಾರೆ: ಅವರ ಮೊದಲ ಪ್ರೋಗ್ರಾಂ ಸೆಕ್ಟರು 64ರಲ್ಲಿ, ಅಂದರೆ 32 ಕಿಲೋಬೈಟಿನಲ್ಲಿ, ಪೂರ್ಣ ಯು-ಬೂಟು ಸೆಕ್ಟರು 16384ರಲ್ಲಿ, ಅಂದರೆ 8 ಮೆಗಾಬೈಟಿನಲ್ಲಿ. ಒಂದು ಚಿಪ್ಪಿನ ಅಂಕೆಯನ್ನು ಇನ್ನೊಂದಕ್ಕೆ ಅನ್ವಯಿಸಲಾಗದೆಂಬುದು ಇದರಿಂದ ಸ್ಪಷ್ಟ.

ಬೋರ್ಡಿಗೆ ಬೆಸೆದಿರುವ ಇಎಂಎಂಸಿ ಎಂಬ ಸಂಗ್ರಹದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಅದರಲ್ಲಿ ಬಳಕೆದಾರನ ಭಾಗದಿಂದ ಬೇರೆಯಾದ ಎರಡು ‘ಬೂಟ್’ ಭಾಗಗಳಿದ್ದು, ಪ್ರತಿಯೊಂದರಲ್ಲಿಯೂ ಎಣಿಕೆ ಸೊನ್ನೆಯಿಂದ ಹೊಸದಾಗಿ ಮೊದಲಾಗುತ್ತದೆ. ಆಲ್‌ವಿನ್ನರ್ ಚಿಪ್ಪು ಅಲ್ಲಿ ಎಸ್‌ಪಿಎಲ್ಲನ್ನು 8ನೆಯ ಕಿಲೋಬೈಟಿನಲ್ಲಿ ಹುಡುಕದೆ ಸೊನ್ನೆಯಲ್ಲಿಯೇ ಹುಡುಕುತ್ತದೆ. ಕಲ್ಯಾಣದಿಂದ ಎಣಿಸಿದ ದೂರವನ್ನು ಮುಂಬಯಿಯಿಂದ ಎಣಿಸಿದ್ದೆಂದು ತಿಳಿದರೆ ಇಳಿಯುವ ನಿಲ್ದಾಣವೇ ಬೇರೆಯಾದೀತು.

ಬೆಳೆಯುವ ಪ್ರೋಗ್ರಾಂ, ಬೆಳೆಯದ ಜಾಗ

ಇದುವರೆಗೆ ಹೇಳಿದ ತಪ್ಪುಗಳು ಮೊದಲ ದಿನವೇ ಬಯಲಾಗುತ್ತವೆ. ಇವುಗಳಿಗಿಂತ ಅಪಾಯಕರವಾದುದು ತಿಂಗಳುಗಳ ತರುವಾಯ ತಲೆದೋರುವ ತಪ್ಪು. ಯು-ಬೂಟು ತನ್ನ ವ್ಯವಸ್ಥೆಯ ವಿವರಗಳನ್ನು, ಉದಾಹರಣೆಗೆ ಯಾವ ಸಾಧನದಿಂದ ಏಳಬೇಕು, ಜಾಲದ ವಿಳಾಸವೇನು ಎಂಬಿವನ್ನು, ‘ಎನ್ವಿರಾನ್‌ಮೆಂಟ್’ ಎಂಬ ಪ್ರತ್ಯೇಕ ತಾಣದಲ್ಲಿ ಉಳಿಸುತ್ತದೆ. ಈ ತಾಣಕ್ಕೂ ಒಂದು ಆಫ್‌ಸೆಟ್, ಒಂದು ಗಾತ್ರ ಉಂಟು. ಉಳಿಸಿದುದು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಜೊತೆಗೆ ಒಂದು ತಾಳೆಸಂಖ್ಯೆಯೂ ಇರುತ್ತದೆ. ಅದು ಹೊಂದದಿದ್ದರೆ ಯು-ಬೂಟು ಎಚ್ಚರಿಕೆಯ ಮಾತನ್ನು ಹೇಳಿ, ತನ್ನೊಳಗೆ ಹುದುಗಿರುವ ಮೂಲ ವಿವರಗಳಿಂದ ಕೆಲಸ ನಡೆಸುತ್ತದೆ.

ಆಲ್‌ವಿನ್ನರ್ ಬೋರ್ಡುಗಳ ಹಳೆಯ ಏರ್ಪಾಟಿನಲ್ಲಿ ಎಸ್‌ಪಿಎಲ್ 8ರಿಂದ, ಯು-ಬೂಟು 40ರಿಂದ, ಎನ್ವಿರಾನ್‌ಮೆಂಟು 544ನೆಯ ಕಿಲೋಬೈಟಿನಿಂದ ಮೊದಲಾಗುತ್ತಿದ್ದುವು. ಯು-ಬೂಟಿಗೆ ದೊರೆತ ಅವಕಾಶ 544ರಲ್ಲಿ 40 ಕಳೆದರೆ 504 ಕಿಲೋಬೈಟು. ಆರಂಭದಲ್ಲಿ ಇದು ಧಾರಾಳವೆನಿಸಿತು. ಹೊಸ ಸಾಧನಗಳಿಗೂ 64 ಬಿಟ್ ಪ್ರಾಸೆಸರುಗಳಿಗೂ ಬೆಂಬಲವನ್ನು ಸೇರಿಸುತ್ತ ಬಂದಂತೆ ಪ್ರೋಗ್ರಾಂ ಬೆಳೆಯಿತು. 2017ರ ಹೊತ್ತಿಗೆ ಕೆಲವು ಬೋರ್ಡುಗಳಲ್ಲಿ ಈ ಗಡಿಯನ್ನು ಮುಟ್ಟಿತು. ಗಡಿಯನ್ನು ದಾಟಿದ ಪ್ರೋಗ್ರಾಮಿನ ಬಾಲವು ಎನ್ವಿರಾನ್‌ಮೆಂಟಿನ ತಾಣದಲ್ಲಿ ಚಾಚಿಕೊಳ್ಳುತ್ತದೆ. ಬೋರ್ಡು ಎಂದಿನಂತೆ ಏಳುತ್ತದೆ, ಕೆಲಸ ಮಾಡುತ್ತದೆ. ಎಂದೋ ಒಂದು ದಿನ ಯಾರೋ ಒಬ್ಬನು ಜಾಲದ ವಿಳಾಸವನ್ನು ಬದಲಿಸಿ ‘ಉಳಿಸು’ ಎನ್ನುತ್ತಾನೆ. ಆ ಕ್ಷಣದಲ್ಲಿ ಬೂಟ್‌ಲೋಡರು ತನ್ನ ಬಾಲವನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಆದರೂ ಸ್ಮೃತಿಯಲ್ಲಿರುವ ಪ್ರತಿ ಅಖಂಡವಾಗಿರುವುದರಿಂದ ಅಂದು ಏನೂ ತೋರುವುದಿಲ್ಲ. ಮುಂದಿನ ಸಲ ವಿದ್ಯುತ್ತು ಹೋಗಿ ಬಂದಾಗ ಬೋರ್ಡು ಏಳುವುದಿಲ್ಲ. ಅದು ದೂರದ ಪಂಪುಮನೆಯಲ್ಲಿದ್ದರೆ ಅಂದಿನ ನೀರು ನಿಲ್ಲುತ್ತದೆ. ಜನರು ದೋಷವನ್ನು ವಿದ್ಯುತ್ತಿನ ಮೇಲೆ ಹೊರಿಸುತ್ತಾರೆ.

ಇದನ್ನು ತಡೆಯಲು ಯು-ಬೂಟನ್ನು ಕಟ್ಟುವಾಗಲೇ ಗಾತ್ರವು ಮಿತಿಯನ್ನು ಮೀರಿದರೆ ಕಟ್ಟಡವನ್ನು ನಿಲ್ಲಿಸುವ ಪರೀಕ್ಷೆಯನ್ನು ಅಳವಡಿಸಲಾಯಿತು. ಎನ್ವಿರಾನ್‌ಮೆಂಟನ್ನು ಬರಿಯ ಸ್ಥಾನದಲ್ಲಿಡದೆ ಪಾರ್ಟಿಷನ್ನಿನೊಳಗೆ ಹೆಸರುಳ್ಳ ಕಡತವಾಗಿ ಇಡುವ ಮಾರ್ಗವೂ ಬಳಕೆಗೆ ಬಂದಿತು. ಇನ್ನೊಂದು ಜಾಗರೂಕತೆಯೂ ಅವಶ್ಯಕ. ಲೀನಕ್ಸಿನೊಳಗಿನಿಂದ ಎನ್ವಿರಾನ್‌ಮೆಂಟನ್ನು ತಿದ್ದುವ ಸಾಧನವು ಸಾಧನದ ಹೆಸರು, ಆಫ್‌ಸೆಟ್, ಗಾತ್ರಗಳನ್ನು ತನ್ನದೇ ಒಂದು ಸಂಯೋಜನಾ ಕಡತದಿಂದ ಓದುತ್ತದೆ. ಒಂದೇ ಸತ್ಯವನ್ನು ಎರಡು ಕಡೆ ಬರೆದಿಟ್ಟಂತಾಯಿತು. ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಲೀನಕ್ಸು ಬೂಟ್‌ಲೋಡರಿನ ಮೈಮೇಲೆಯೇ ಬರೆದೀತು.

ಅಳಿಸುವ ಘಟಕ

ಕಾರ್ಡಿನ ಬದಲು ಬರಿಯ ಫ್ಲ್ಯಾಶ್ ಚಿಪ್ಪಿದ್ದಲ್ಲಿ ಮತ್ತೊಂದು ನಿಯಮ ಸೇರುತ್ತದೆ. ಫ್ಲ್ಯಾಶಿನಲ್ಲಿ ಅಳಿಸಿದ ಸ್ಥಳವೆಲ್ಲ ಒಂದು ಎಂಬ ಅಂಕದಿಂದ ತುಂಬಿರುತ್ತದೆ. ಬರೆಯುವುದೆಂದರೆ ಒಂದನ್ನು ಸೊನ್ನೆ ಮಾಡುವುದು. ಸೊನ್ನೆಯನ್ನು ಮರಳಿ ಒಂದು ಮಾಡಬೇಕಾದರೆ ಇಡೀ ತುಂಡನ್ನೇ ಅಳಿಸಬೇಕು. ಈ ತುಂಡು ನಾರ್ ಜಾತಿಯ ಫ್ಲ್ಯಾಶಿನಲ್ಲಿ ಸಾಮಾನ್ಯವಾಗಿ 4 ಅಥವಾ 64 ಕಿಲೋಬೈಟು. ನ್ಯಾಂಡ್ ಜಾತಿಯಲ್ಲಿ 128 ಕಿಲೋಬೈಟು ಅಥವಾ ಅದಕ್ಕೂ ಮೇಲೆ. ಆದುದರಿಂದ ಆಫ್‌ಸೆಟ್ಟು ಈ ತುಂಡಿನ ಎಲ್ಲೆಯ ಮೇಲೆಯೇ ಬೀಳತಕ್ಕದ್ದು. 64 ಕಿಲೋಬೈಟಿನ ತುಂಡುಗಳಿರುವಲ್ಲಿ ಎನ್ವಿರಾನ್‌ಮೆಂಟನ್ನು 500ನೆಯ ಕಿಲೋಬೈಟಿನಲ್ಲಿ ಇಟ್ಟರೆ, ಅದನ್ನು ಅಳಿಸುವಾಗ 448ರಿಂದ 512ರ ವರೆಗಿನದೆಲ್ಲವೂ, ಅಲ್ಲಿದ್ದ ಬೂಟ್‌ಲೋಡರಿನ ಬಾಲವೂ, ಕೊಚ್ಚಿಹೋಗುತ್ತದೆ. 512ರಲ್ಲಿ ಇಟ್ಟರೆ ಈ ಭಯವಿಲ್ಲ. ಅಳಿಸಿದ ಮೇಲೆ ಬರೆಯುವಷ್ಟರಲ್ಲಿ ವಿದ್ಯುತ್ತು ಹೋದೀತೆಂಬ ಶಂಕೆಯಿದ್ದರೆ ಎನ್ವಿರಾನ್‌ಮೆಂಟಿನ ಎರಡು ಪ್ರತಿಗಳನ್ನು ಬೇರೆ ಬೇರೆ ತುಂಡುಗಳಲ್ಲಿ ಇಡಲು ಯು-ಬೂಟಿನಲ್ಲಿ ಅವಕಾಶವಿದೆ. ಒಂದು ಹಾಳಾದರೆ ಇನ್ನೊಂದು ಉಳಿಯುತ್ತದೆ.

ಸಂಯೋಜನೆಯ ವಿಧಾನ

ಹಿಂದೆ ಈ ಭಾಗಗಳನ್ನು ಒಂದೊಂದಾಗಿ ಕೈಯಿಂದ ಕಾರ್ಡಿಗೆ ಬರೆಯುತ್ತಿದ್ದರು. ಕಾಲಕ್ರಮೇಣ ಇಡೀ ಕಾರ್ಡಿನ ಪ್ರತಿಯನ್ನು ಒಂದೇ ಇಮೇಜ್ ಕಡತವಾಗಿ ಕಟ್ಟಿಕೊಡುವ ಸಾಧನಗಳು ಬಂದುವು. ಯು-ಬೂಟಿನೊಡನೆ ಬರುವ ಬಿನ್‌ಮ್ಯಾನ್, ಬಿಲ್ಡ್‌ರೂಟ್ ಬಳಸುವ ಜೆನ್‌ಇಮೇಜ್, ಯಾಕ್ಟೋ ಯೋಜನೆಯ ವಿಕ್ ಇವು ಪ್ರಸಿದ್ಧವಾದವು. ಪ್ರತಿಯೊಂದು ಭಾಗಕ್ಕೂ ಅದರ ಸ್ಥಾನವನ್ನು ಒಂದು ವಿವರಣ ಕಡತದಲ್ಲಿ ಬರೆಯಬೇಕು. ಉದಾಹರಣೆಗೆ ಜೆನ್‌ಇಮೇಜಿನಲ್ಲಿ ಆಲ್‌ವಿನ್ನರ್ ಬೋರ್ಡಿಗೆ ಬೂಟ್‌ಲೋಡರಿನ ಆಫ್‌ಸೆಟ್ 8 ಕಿಲೋಬೈಟು, ಗಾತ್ರ 1016 ಕಿಲೋಬೈಟು ಎಂದು ಹೇಳಿ, ಪಾರ್ಟಿಷನ್ ಪಟ್ಟಿಯಲ್ಲಿ ಅದನ್ನು ಸೇರಿಸಬಾರದೆಂದು ಸೂಚಿಸಬಹುದು. ಎಂಟೂ ಸಾವಿರದ ಹದಿನಾರೂ ಕೂಡಿ 1024, ಅಂದರೆ ಸರಿಯಾಗಿ ಒಂದು ಮೆಗಾಬೈಟು. ಮೊದಲ ಪಾರ್ಟಿಷನ್ನು ಅಲ್ಲಿಂದ ಆರಂಭವಾಗುತ್ತದೆ. ಎರಡು ಭಾಗಗಳು ಒಂದರ ಮೇಲೊಂದು ಬಿದ್ದರೆ ಸಾಧನವು ದೂರಿ ನಿಲ್ಲುತ್ತದೆ. ಆದರೆ ಬೂಟ್ ರಾಮ್ ಯಾವ ಸ್ಥಾನವನ್ನು ನೋಡುತ್ತದೆ ಎಂಬುದು ಈ ಸಾಧನಕ್ಕೆ ತಿಳಿಯದು. ಅದನ್ನು ಚಿಪ್ಪಿನ ಕೈಪಿಡಿಯಿಂದ ತಿಳಿದು ಹೇಳಬೇಕಾದವನು ಮನುಷ್ಯನೇ.

ಸಾಧನ ಯಾವುದಾದರೂ ಆಗಲಿ, ಮೊದಲು ಒಂದು ಕೋಷ್ಟಕವನ್ನು ಬರೆಯುವುದು ಒಳ್ಳೆಯ ಅಭ್ಯಾಸ. ಪ್ರತಿ ಸಾಲಿನಲ್ಲಿ ಭಾಗದ ಹೆಸರು, ಆರಂಭ, ಗರಿಷ್ಠ ಗಾತ್ರ, ಅಂತ್ಯ ಇವಿಷ್ಟೂ ಒಂದೇ ಮಾನದಲ್ಲಿರಬೇಕು. ಬೀಗಲ್‌ಬೋನ್ ಬ್ಲ್ಯಾಕಿನ ಮೇಲಿನ ಏರ್ಪಾಟನ್ನು ಕಿಲೋಬೈಟುಗಳಲ್ಲಿ ಬರೆದರೆ ಹೀಗಾಗುತ್ತದೆ:

ಪಾರ್ಟಿಷನ್ ಪಟ್ಟಿ — ಆರಂಭ 0. ಮುಂದಿನದಕ್ಕೆ ಇರುವ ಅವಕಾಶ 128
ಎಂಎಲ್‌ಒ — ಆರಂಭ 128; ಅವಕಾಶ 256
ಯು-ಬೂಟು — ಆರಂಭ 384, ಅವಕಾಶ 3712
ಲೀನಕ್ಸಿನ ಪಾರ್ಟಿಷನ್ — ಆರಂಭ 4096

ಪ್ರತಿ ಸಾಲಿನ ಆರಂಭಕ್ಕೆ ಅವಕಾಶವನ್ನು ಕೂಡಿದರೆ ಮುಂದಿನ ಸಾಲಿನ ಆರಂಭ ಬರಬೇಕು; ಪ್ರತಿ ಭಾಗದ ಗಾತ್ರವು ತನ್ನ ಅವಕಾಶಕ್ಕಿಂತ ಕಡಮೆಯಿರಬೇಕು; ಬೆಳವಣಿಗೆಗೆ ಅಂಚು ಬಿಟ್ಟಿರಬೇಕು. ಬರೆದಾದ ಮೇಲೆ ಆ ಸ್ಥಾನದಿಂದಲೇ ಅಷ್ಟೇ ಬೈಟುಗಳನ್ನು ಮರಳಿ ಓದಿ ಮೂಲಕಡತದೊಡನೆ ಹೋಲಿಸಬೇಕು. ಹೋಲಿಕೆಯಾಗದೆ ಬೋರ್ಡನ್ನು ಕಳುಹಿಸಬಾರದು.

ಸತ್ತಂತೆ ಕಾಣುವ ಬೋರ್ಡು

ಕೊನೆಯದಾಗಿ ಒಂದು ಸಮಾಧಾನದ ಮಾತು. ಆಫ್‌ಸೆಟ್ಟಿನ ತಪ್ಪಿನಿಂದ ಬೋರ್ಡು ಮೂಕವಾದರೂ ಬೂಟ್ ರಾಮ್ ಅಳಿಯುವುದಿಲ್ಲ. ಆದುದರಿಂದ ಬಹುಪಾಲು ಬೋರ್ಡುಗಳನ್ನು ಬದುಕಿಸಲು ಸಾಧ್ಯ. ಬೀಗಲ್‌ಬೋನ್ ಬ್ಲ್ಯಾಕಿನಲ್ಲಿ ಒಂದು ಗುಂಡಿಯನ್ನು ಒತ್ತಿಹಿಡಿದು ವಿದ್ಯುತ್ತು ಕೊಟ್ಟರೆ ಅದು ಒಳಗಿನ ಇಎಂಎಂಸಿಯನ್ನು ಬಿಟ್ಟು ಹೊರಗಿನ ಕಾರ್ಡಿನಿಂದ ಏಳುತ್ತದೆ. ಆಲ್‌ವಿನ್ನರ್ ಚಿಪ್ಪು ಎಸ್‌ಪಿಎಲ್ ಎಲ್ಲಿಯೂ ಕಾಣದಿದ್ದರೆ ‘ಫೆಲ್’ ಎಂಬ ಸ್ಥಿತಿಗೂ, ರಾಕ್‌ಚಿಪ್ ‘ಮಾಸ್ಕ್‌ರಾಮ್’ ಎಂಬ ಸ್ಥಿತಿಗೂ ಇಳಿದು ಯುಎಸ್‌ಬಿ ತಂತಿಯ ಮೂಲಕ ಹೊಸ ಪ್ರೋಗ್ರಾಮನ್ನು ಸ್ವೀಕರಿಸುತ್ತವೆ. ಐ.ಎಂಎಕ್ಸ್6ರಲ್ಲಿಯೂ ಇಂಥ ಬಾಗಿಲುಂಟು. ಇಲ್ಲೊಂದು ವಿಚಿತ್ರವಿದೆ. ತಲೆ ಉಳಿದು ಮೈ ಕೆಟ್ಟ ಎಸ್‌ಪಿಎಲ್ ಬೂಟ್ ರಾಮನ್ನು ಮೋಸಗೊಳಿಸುವುದರಿಂದ ಅದು ಈ ಬಾಗಿಲಿಗೆ ತಾನಾಗಿ ಬರುವುದಿಲ್ಲ. ಪೂರ್ತಿ ಅಳಿದುಹೋದುದು ಬರುತ್ತದೆ. ಅರ್ಧ ಕೆಟ್ಟುದಕ್ಕಿಂತ ಪೂರ್ಣ ಕೆಟ್ಟುದು ಇಲ್ಲಿ ಸುಸಾಧ್ಯ. ಕಾರ್ಡನ್ನು ಹೊರತೆಗೆದು ಬೇರೆ ಕಂಪ್ಯೂಟರಿನಲ್ಲಿ ಎಸ್‌ಪಿಎಲ್ಲಿನ ತಲೆಯನ್ನೂ ಬೇಕೆಂದೇ ಅಳಿಸುವುದು ಕೆಲವೊಮ್ಮೆ ಚಿಕಿತ್ಸೆಯ ಮೊದಲ ಹೆಜ್ಜೆಯಾಗುತ್ತದೆ.

ಆದರೆ ಬದುಕಿಸುವವನಿಗೆ ಆ ನಾಲ್ಕು ಸಂಖ್ಯೆಗಳು ಗೊತ್ತಿರಬೇಕು. ಬೋರ್ಡನ್ನು ಮಾಡಿದ ತಂತ್ರಜ್ಞನು ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿರಬಹುದು. ವಿವರಣ ಕಡತವು ಅವನ ಕಂಪ್ಯೂಟರಿನೊಡನೆಯೇ ಹೋಗಿರಬಹುದು. ಆಗ ಕೆಡದ ಚಿಪ್ಪುಗಳಿಂದ ಕೂಡಿದ ಬೋರ್ಡು ರದ್ದಿಯ ತೂಕಕ್ಕೆ ಹೋಗುತ್ತದೆ, ಅದನ್ನು ನಂಬಿದ ಯಂತ್ರ ನಿಲ್ಲುತ್ತದೆ. ಮೇಲಿನ ಕೋಷ್ಟಕವನ್ನು ಒಂದು ಕಾಗದದಲ್ಲಿ ಬರೆದು, ಎಲ್ಲಿಂದ ಎಣಿಸಿದೆ, ಯಾವ ಮಾನದಲ್ಲಿ ಎಣಿಸಿದೆ ಎಂಬೆರಡು ಮಾತುಗಳನ್ನು ಕೂಡಿಸಿ, ಯಂತ್ರದ ಪೆಟ್ಟಿಗೆಯ ಒಳಮೈಗೆ ಅಂಟಿಸಿದರೆ ಅಷ್ಟು ಸಾಕು. ಕೈಪಿಡಿಯು ಇಂಗ್ಲಿಷಿನಲ್ಲಿದ್ದರೂ ಆ ಕಾಗದವು ದುರಸ್ತಿ ಮಾಡುವವನ ಭಾಷೆಯಲ್ಲಿರಲು ಯಾವ ಅಡ್ಡಿಯೂ ಇಲ್ಲ.